ಕೊಳೆಯಬೇಕಿದ್ದ ಸೀಗಡಿ

"ಮನೆಯೊಳಗೆ ಸೀಗಡಿ ತರ್ತೀರಾ? ನಮ್ಮಪ್ಪ ಈರುಳ್ಳೀನೂ ಮುಟ್ಟಲ್ಲ!" ಹೆಂಡತಿ ಕೂಗಾಡಿದಳು.

"ತಿನ್ನೋಕಲ್ಲ ಕಣೇ. ಹೊಸ ಅಕ್ವೇರಿಯಮ್ಮಿನ ಉಪ್ಪುನೀರಲ್ಲಿ ಮೊದಲು ಇದು ಕೊಳೀಬೇಕು. ಆಗ ಒಳ್ಳೇ ಬ್ಯಾಕ್ಟೀರಿಯಾ ಹುಟ್ತವೆ. ಮೀನು ಬಿಡೋದು ಆಮೇಲೆ. ಅದೂ ಒಂದನ್ನೊಂದು ತಿನ್ನದೇ ಇರೋ ಜಾತೀನೇ ಹುಡುಕಿಟ್ಟಿದ್ದೀನಿ."

ಸೋಫಾದಲ್ಲಿ ಜಪಮಾಲೆ ಎಣಿಸುತ್ತಿದ್ದ ಮಾವನವರು "ಶಿವ ಶಿವಾ" ಎಂದು ಮುಖ ತಿರುಗಿಸಿದರು.

ಸೋಮವಾರ ಹಾಕಿದ ಸೀಗಡಿ ನಾವಿಬ್ಬರೂ ಆಫೀಸಿನಿಂದ ಬರುವಷ್ಟರಲ್ಲಿ ಮಾಯ. ಮಂಗಳವಾರದ್ದೂ ಮಾಯ. ಬುಧವಾರ ಹಟಕ್ಕೆ ಬಿದ್ದು ನಾಲ್ಕು ಹಾಕಿದೆ. ಸಂಜೆ ಬಂದರೆ ಒಂದೂ ಇಲ್ಲ. ಮನೆ ತುಂಬ ಊದುಬತ್ತಿಯ ಹೊಗೆ ಮಾತ್ರ.

ತಲೆಕೆಟ್ಟು ಅಕ್ವೇರಿಯಮ್ ಅಂಗಡಿಯವನಿಗೆ ಫೋನ್ ಮಾಡಿದೆ.

"ಸಮುದ್ರದ ಕಲ್ಲು ಇಟ್ಟಿದ್ದೀರಲ್ಲ ಸಾರ್, ಅದರ ಸಂದೀಲಿ ಏಡಿ ಸೇರ್ಕೊಂಡು ಬಂದಿರುತ್ತೆ. ಅದೇ ತಿಂತಿರೋದು."

"ಕಳ್ಳ ಸಿಕ್ಕಿಬಿದ್ದ!" ಎಂದು ಮನೆಗೆಲ್ಲ ಕೇಳುವಂತೆ ಕಿರುಚಿದೆ. "ಕಲ್ಲೊಳಗೆ ಏಡಿ ಇದೆಯಂತೆ!"

ಸೋಫಾದಲ್ಲಿ ಜಪ ನಿಂತಿತು.

"ಏಡೀನೂ ಇದೆಯೇನ್ರೀ ಅಳಿಯಂದ್ರೇ? ನನ್ನ ಕೈಗೆ ಬರೀ ಸೀಗಡಿ ಸಿಕ್ತಲ್ರೀ!"