ಸಣ್ಣ ಪದ

ಐಶ್ವರ್ಯ ಇಂಗ್ಲಿಷ್ ಪತ್ರವನ್ನು ಗಡಿಬಿಡಿಯಲ್ಲಿ ಓದುತ್ತಿದ್ದಾಗ ಪಕ್ಕದ ಮನೆಯ ಜೋಹರಾ ತಡೆದಳು. "ನಿಂದ್ರ ಬೇಟಿ, ರೈಲು ಬಿಟ್ಟಂಗ ಓದಬ್ಯಾಡ. ಟ್ರಿಕಲ್ ಅಂದಿ, ಹಂಗಂದ್ರೇನು?"

ಹನಿಹನಿಯಾಗಿ ಸಣ್ಣಗೆ ಹರಿಯುವುದು. ಆದರೆ ಇಳಕಲ್ ರಸ್ತೆಯಲ್ಲಿರುವ ಅಪ್ಪನ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯ ಕೆಸರುನೀರು ಜೋಹರಾಳ ಬಾವಿಯತ್ತ ಧೋ ಎಂದು ನುಗ್ಗುತ್ತಿತ್ತು. ಮಾಲಿನ್ಯ ಮಂಡಳಿಯಿಂದ ಅಪ್ಪನಿಗೆ ಬಂದ ನೋಟಿಸಿಗೆ ಉತ್ತರ ಬರೆಯುವಾಗ ಐಶ್ವರ್ಯಳೇ, ರಭಸದಿಂದ ನುಗ್ಗುವುದು ಎಂಬರ್ಥದ ‘ಗಶ್’ ಪದವನ್ನು ಹೊಡೆದುಹಾಕಿ ‘ಟ್ರಿಕಲ್’ ಎಂದು ಬರೆದಿದ್ದಳು. ಆ ಉತ್ತರಕ್ಕೆ ಸಾಕ್ಷಿಯಾಗಿ ನೆರೆಯವರ ಹೆಬ್ಬೆಟ್ಟು ಬೇಕಿತ್ತು. ಓದಲು ಬಾರದ ಜೋಹರಾ ಮಾತ್ರ ಅದು ತನ್ನ ಪರವಾಗಿ ಬರೆದ ದೂರು ಎಂದೇ ತಿಳಿದಿದ್ದಳು.

"ಅದು... ಮೊದಲ ಕಣ್ಣೀರಿಗೆ ಅಂತಿದ್ರಂತ, ಚಾಚಿ. ಗಲ್ಲದ ಮ್ಯಾಲ ಇಳೀತಾವಲ್ಲ, ಅದಕ್ಕ." ಸುಳ್ಳಲ್ಲ, ಪದದ ಹುಟ್ಟನ್ನು ನಿಘಂಟಿನಲ್ಲಿ ಓದಿದ್ದಳು.

ಜೋಹರಾ ಹತ್ತಿರ ಸರಿದು ಕೂತಳು. "ಖರೇನ ನನ್ನ ಸಂಕಟಾನ ಬರದೀ ಬಿಡು. ಅಪ್ಪಗ ಅಂಜಿ ಏನರ ಮುಚ್ಚತಿ ಅನ್ಕೊಂಡಿದ್ದೆ. ಎಲ್ಲಿ ಒತ್ತಲಿ?"

ಅವಳ ಹೆಬ್ಬೆರಳಿಗೆ ಬಾವಿನೀರಿನ ಬಿಳಿ ಕೆಸರು ಮೆತ್ತಿತ್ತು, ಶಾಯಿ ಹತ್ತಲಿಲ್ಲ. ಐಶ್ವರ್ಯ ತನ್ನ ದುಪಟ್ಟಾದ ತುದಿಯಿಂದ ಅದನ್ನು ಒರೆಸಿದಳು. ಮುಖ ನೋಡದೆ, ಬೆರಳು ಹಿಡಿದು ತಾನೇ ಒತ್ತಿಸಿದಳು.