ಸಾಲ್ಸಾ ಗೆದ್ದ ಶುಕ್ರವಾರ

ಇವರೊಬ್ಬರು ಗೆಲ್ಲದಿದ್ದರೆ ಸಾಕು ಎಂದು ಲಾಯ್ಡ್ ದೇವರಲ್ಲಿ ಬೇಡಿಕೊಂಡ.

ಮೊಬೈಲಿನಲ್ಲಿ ಅಮೆರಿಕದ ಸಂಗೀತ ಪ್ರಶಸ್ತಿ ಸಮಾರಂಭ ನಡೆಯುತ್ತಿತ್ತು. ಅಲ್ಲಿ ಗುರುವಾರ ಸಂಜೆ. ಇಲ್ಲಿ ಕುವೈತ್‌ನ ಬ್ನೇದ್ ಅಲ್ ಗಾರ್‌ನಲ್ಲಿ ಶುಕ್ರವಾರ ಬೆಳಿಗ್ಗೆ. ವರ್ಷದ ಶ್ರೇಷ್ಠ ಸಾಲ್ಸಾ ಆಲ್ಬಮ್‌ಗೆ ಐದು ತಂಡಗಳ ಪೈಪೋಟಿ. ನಾಲ್ಕನೆಯ ತಂಡದ ತುಣುಕು ತೋರಿಸುವಾಗ ಹಿಂದಿನ ಸಾಲಿನಲ್ಲಿ ಒಬ್ಬ ಟ್ರಂಪೆಟ್ ಊದುತ್ತಿದ್ದ. ಗಡ್ಡ, ತಲೆಗೆ ಟೋಪಿ. ಸ್ವರ ಮೇಲೇರಿದಾಗ ಎಡಗಣ್ಣನ್ನು ಮಾತ್ರ ಮುಚ್ಚಿದ. ಲಾಯ್ಡ್‌ನ ಚಹಾ ಲುಂಗಿಯ ಮೇಲೆ ಚೆಲ್ಲಿತು.

"ಎಂಥ ಮಾರಾಯ, ನಿನ್ನ ಮದುವೆಯಲ್ಲಿ ಸಾಲ್ಸಾ ಕುಣಿಯಲಿಕ್ಕುಂಟಾ? ಮೊದಲು ನೆಟ್ಟಗೆ ನಡೆಯಲಿಕ್ಕೆ ಕಲಿ," ಎಂದ ಪಕ್ಕದ ಮಂಚದ ಸುಕೇಶ್.

ನೆಲ ಯಾವಾಗ ವಾಲುತ್ತದೋ ಎಂಬಂತೆ ಲಾಯ್ಡ್ ಕಾಲು ಅಗಲಿಸಿ ನಡೆಯುವುದು ರೂಮಿನವರಿಗೆಲ್ಲ ತಮಾಷೆ. ಎಂದಿನಂತೆ ಅವನೂ ನಗಬೇಕಿತ್ತು. ಈ ಸಲ ನಗಲಿಲ್ಲ.

ವೇದಿಕೆಯ ಮೇಲೆ ಲಕೋಟೆ ಒಡೆದರು. ನಾಲ್ಕನೆಯ ತಂಡ ಗೆದ್ದಿತ್ತು. ಎಲ್ಲರೂ ಅಪ್ಪಿಕೊಳ್ಳುತ್ತ ಓಡಿಬಂದರು. ಟ್ರಂಪೆಟ್‌ನವನು ಟೋಪಿ ತೆಗೆದು ಕ್ಯಾಮೆರಾದತ್ತ ಬೀಸಿದ. ತಲೆ ಬೋಳಾಗಿತ್ತು, ಮೈ ತುಂಬಿಕೊಂಡಿತ್ತು. ಅಷ್ಟು ಬಿಟ್ಟರೆ ಅವನೇ. ಜಾನಿಸ್. ಲಾಯ್ಡ್ ಮದುವೆಯಾಗಲಿದ್ದ ಕಾರ್ಮೆಲ್‌ಳ ಗಂಡ.

ಲಾಯ್ಡ್ ಉದ್ಗರಿಸಲಿಲ್ಲ, ಕಣ್ಣುಜ್ಜಿಕೊಂಡು ಮತ್ತೆ ನೋಡಲಿಲ್ಲ. ಇಷ್ಟು ವರ್ಷ ಬಿಟ್ಟು ಇವನಿಗೆ ಗೆಲ್ಲಲು ಇದೇ ಶುಕ್ರವಾರ ಬೇಕಿತ್ತೇ ಎಂದಷ್ಟೇ ಅಂದುಕೊಂಡು ಮೊಬೈಲನ್ನು ಮಗುಚಿಟ್ಟ.

ಜಾನಿಸ್ ಪ್ರವಾಸಿಗರ ಕ್ರೂಸ್ ಹಡಗಿನ ಬ್ಯಾಂಡಿನಲ್ಲಿದ್ದ. ಏಳು ವರ್ಷದ ಹಿಂದೆ ಸಮುದ್ರದ ಪಾಲಾದನೆಂದು ಸುದ್ದಿ ಬಂತು. ಶವ ಸಿಗಲಿಲ್ಲ. ಆದರೂ ಕೋರ್ಟು ಒಪ್ಪಿತು, ಚರ್ಚೂ ಒಪ್ಪಿತು. ಸಾಕ್ಷಿ ಇದ್ದ ಮೇಲೆ ಒಪ್ಪದೆ ಏನು ಮಾಡುತ್ತಾರೆ? ಕಾರ್ಮೆಲ್ ವಿಧವೆಯಾದಳು. ಕುವೈತ್‌ಗೆ ಬಂದು ಖೈತಾನ್‌ನ ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಅವಳಿರುವ ಊರು ಎಂಬ ಒಂದೇ ಕಾರಣಕ್ಕೆ ಲಾಯ್ಡ್ ಕೂಡ ಹಡಗಿನ ಕೆಲಸ ಬಿಟ್ಟು ಇಲ್ಲಿನ ಹೋಟೆಲೊಂದಕ್ಕೆ ಬಂದ. ಅವಳು ಒಪ್ಪುವ ತನಕ ಕಾದ.

ಕುವೈತ್‌ನಲ್ಲಿ ಭಾನುವಾರದ ಪೂಜೆಗೆ ಜನ ಸೇರುವುದು ಶುಕ್ರವಾರ. ಮದುವೆಯ ಪ್ರಕಟಣೆ ಓದುವುದೂ ಆಗಲೇ. ಮೂರು ವಾರ ಓದುತ್ತಾರೆ. ಈ ಮದುವೆಗೆ ಅಡ್ಡಿ ಇದೆಯೆಂದು ಗೊತ್ತಿದ್ದವರು ಹೇಳಲೇಬೇಕು, ಸುಮ್ಮನಿದ್ದರೆ ಪಾಪ. ಎರಡು ವಾರ ಯಾರೂ ತುಟಿಬಿಚ್ಚಿರಲಿಲ್ಲ. ಇವತ್ತು ಮೂರನೆಯದು. ಇನ್ನೊಂದು ಗಂಟೆ ದಾಟಿದರೆ ಮುಗಿಯಿತು.

ಅವಳಿಗೆ ಹೇಳಿದರೆ? ಮದುವೆ ಇಲ್ಲ. ಮತ್ತೆ ಇದೇ ಮಂಚ, ಇದೇ ಪರದೆ, ನಿಂತುಕೊಂಡೇ ತಿನ್ನುವ ಖುಬ್ಬೂಸ್ ರೊಟ್ಟಿ. ಹೋದ ವರ್ಷ ಜ್ವರದಲ್ಲಿ ಮಲಗಿದ್ದಾಗ ರೂಮಿನವರು ಅವನು ನೈಟ್ ಡ್ಯೂಟಿಗೆ ಹೋಗಿದ್ದಾನೆಂದೇ ತಿಳಿದಿದ್ದರು. ಪರದೆ ಸರಿಸಿ ಗಂಜಿ ಕೊಟ್ಟವಳು ಕಾರ್ಮೆಲ್. ಆ ಒಂದು ಬಟ್ಟಲು ಗಂಜಿಗೆ ನಲವತ್ತೇಳರ ಗಂಡಸು ಅತ್ತಿದ್ದ. ಒಂಟಿತನ ಅವನಿಗೆ ಸಾಕಾಗಿಹೋಗಿತ್ತು.

ಇನ್ನು ಅವಳಾಗಿಯೇ ನೋಡುವ ಭಯ ಇರಲಿಲ್ಲ. ಟ್ರಂಪೆಟ್ ಸದ್ದು ಕೇಳಿದರೆ ಸಾಕು, ಕಾರ್ಮೆಲ್ ಎದ್ದು ಹೋಗುತ್ತಾಳೆ.

ಫೋನ್ ಬಂತು. ಅವಳದೇ.

"ಹೊರಟ್ರಾ?"

"ಹೊರಟೆ. ನಿನ್ನ ಸ್ವರ ಎಂಥ ಹೀಗೆ?"

"ಶೀತ. ಬೆಳಿಗ್ಗೆ ಬೇಗ ಎದ್ದೆ. ನೀವು ಎದ್ದು ಎಂಥ ಮಾಡಿದ್ರಿ?"

"ಏನಿಲ್ಲ. ಚಹಾ ಕುಡಿದೆ."

ಚರ್ಚಿನ ಅಂಗಳ ತುಂಬಿತ್ತು. ಹೆಂಗಸರು ಕಾರ್ಮೆಲ್‌ಳ ಕೈ ಕುಲುಕಿ, ಇನ್ನಾದರೂ ನಿನಗೊಂದು ಜತೆಯಾಯಿತಲ್ಲ ಎಂದು ಹರಸುತ್ತಿದ್ದರು. ಅವಳು ಬಿಳಿ ಸೀರೆ ಉಟ್ಟಿದ್ದಳು. ಕಣ್ಣು ಕೆಂಪಾಗಿತ್ತು. ಶೀತ ಜೋರೇ ಇರಬೇಕು ಎಂದುಕೊಂಡ ಲಾಯ್ಡ್.

ಒಳಗೆ ಹೋಗುವ ಮುನ್ನ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಪ್ರಕಟಣೆಗೆ ಮೊದಲು ನನಗೆ ಹೇಳಲಿಕ್ಕೆ ಏನಾದ್ರೂ ಉಂಟಾ ಲಾಯ್ಡ್? ಏನಿದ್ರೂ ಹೇಳಿ. ನಾನು ಬೈಯುವುದಿಲ್ಲ."

ಮದುವೆಗೆ ಮೊದಲು ಹೆಣ್ಣು ಕೇಳುವ ಮಾತು ಎಂದು ಅವನಿಗೆ ಅನ್ನಿಸಿತು. ಹೇಳಿಬಿಡಲೇ ಎಂದು ಒಂದು ಕ್ಷಣ ನಾಲಿಗೆಯ ತುದಿಗೆ ಬಂದದ್ದೂ ನಿಜ. ಕೈಗೆ ಬಂದ ತುತ್ತನ್ನು ತಾನೇ ಚೆಲ್ಲುವವರುಂಟೇ?

"ಇಲ್ಲ," ಎಂದ. "ನಿನ್ನಿಂದ ಮುಚ್ಚಿಡುವಂಥದ್ದು ನನ್ನ ಹತ್ರ ಎಂಥದೂ ಇಲ್ಲ."

ಅವಳು ತೋಳು ಬಿಟ್ಟಳು. ಅಕ್ಕಪಕ್ಕ ಕೂತರು.

ಪೂಜೆ ಮುಗಿಯುತ್ತ ಬಂದಾಗ ಫಾದರ್ ಕನ್ನಡಕ ಏರಿಸಿ ಓದಿದರು. ವರ, ಅವಿವಾಹಿತ. ವಧು, ದಿವಂಗತ ಜಾನಿಸ್‌ರ ವಿಧವೆ. ಮೂರನೆಯ ಹಾಗೂ ಕೊನೆಯ ಪ್ರಕಟಣೆ. ಅಡ್ಡಿ ಗೊತ್ತಿದ್ದವರು ತಿಳಿಸಬೇಕು ಎಂದು ಹೇಳಿ ಒಮ್ಮೆ ತಲೆಯೆತ್ತಿ ಎಲ್ಲರನ್ನೂ ನೋಡಿದರು.

ಯಾರೋ ಕೆಮ್ಮಿದರು. ಒಂದು ಮಗು ಅತ್ತಿತು. ಅಷ್ಟೇ. ಫಾದರ್ ಕಾಗದ ಮಡಚಿದರು. ಲಾಯ್ಡ್ ಎಷ್ಟೋ ಹೊತ್ತಿನಿಂದ ಕಟ್ಟಿಹಿಡಿದಿದ್ದ ಉಸಿರನ್ನು ಬಿಟ್ಟ. ಇನ್ನು ಅವನು ಒಬ್ಬನೇ ಅಲ್ಲ.

ಕಾರ್ಮೆಲ್ ಅವನ ಕಿವಿಯ ಬಳಿಗೆ ಬಾಗಿದಳು. ಸ್ವರದಲ್ಲಿ ಸಿಟ್ಟಿರಲಿಲ್ಲ.

"ಬೆಳಿಗ್ಗೆ ಪ್ರಶಸ್ತಿ ಸಮಾರಂಭ ನಾನು ನೋಡಿದೆ. ಅವರಿಗೆ ಇಷ್ಟ ಅಂತ ಪ್ರತಿ ವರ್ಷ ನೋಡ್ತೇನೆ," ಎಂದಳು. "ಹಡಗಿನಿಂದ ಬೀಳುವಾಗ ಅವರ ಕೈ ಹಿಡಿದಿದ್ದೆ, ಜಾರಿಹೋಯ್ತು ಅಂತ ಆವತ್ತು ನನ್ನೆದುರು ಅತ್ತದ್ದು ನೀವೇ ಅಲ್ವಾ?"