ಅಂಬಮ್ಮನ ಮನೆಯಲ್ಲಿ ಉಂಡವರು

ಎರಡನೇ ತುತ್ತು ಗಂಟಲಿಳಿದ ಮೇಲೆ ಬೃಂದಾಗೆ ಭಯವಾಯಿತು. ಈ ಮನೆಯಲ್ಲಿ ಉಂಡವರಲ್ಲಿ ನಾಲ್ವರು ಸತ್ತಿದ್ದರು.

ಉಗಿಯುವಂತೆಯೂ ಇರಲಿಲ್ಲ. ರಾಗಿಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಸಾರಿನಲ್ಲಿ ಏನು ಬೆರೆತಿದೆ ಎಂದು ನಾಲಿಗೆಗೆ ತಿಳಿಯುವಷ್ಟರಲ್ಲಿ ಅದು ಹೊಟ್ಟೆ ಸೇರಿರುತ್ತದೆ. ಎದುರಿಗೆ ಕೂತ ಅಂಬಮ್ಮ ಅವಳ ತಟ್ಟೆಯನ್ನೇ ನೋಡುತ್ತಿದ್ದಳು.

"ಉಣ್ಣವ್ವ. ಉಣ್ಣದೋರ ಜೊತೆ ನಾನು ಮಾತಾಡಲ್ಲ."

ತರೀಕೆರೆಯ ಬೃಂದಾ ಸರಣಿ ಕೊಲೆ ಮಾಡಿದ ಹೆಂಗಸರ ಬಗ್ಗೆ ಪುಸ್ತಕ ಬರೆಯುತ್ತಿದ್ದಳು. ಜೈಲುಗಳಿಗೆ ಹೋಗಿ ಕೊಲೆಗಾತಿಯರನ್ನು ಮಾತಾಡಿಸಿದ್ದಳು. ಕೋರ್ಟಿನ ತೀರ್ಪುಗಳನ್ನು ಅರೆದು ಕುಡಿದಿದ್ದಳು. ಕೊನೆಯ ಅಧ್ಯಾಯಕ್ಕೆ ಮಾತ್ರ ಇನ್ನೂ ಪೊಲೀಸರ ಕಣ್ಣಿಗೆ ಬೀಳದ ಒಬ್ಬಳು ಬೇಕಾಗಿತ್ತು. ಸಿಕ್ಕಿದ್ದು ಚೌಳಹಿರಿಯೂರಿನ ಈ ಅಂಬಮ್ಮ. ಕರೆದು ಊಟ ಹಾಕಿ, ಅನ್ನದಲ್ಲಿ ಮದ್ದಿಕ್ಕಿ ಕೊಲ್ಲುತ್ತಾಳೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ಮದ್ದು ಎನ್ನುವುದು ಈ ಕಡೆ ಎರಡು ನಾಲಿಗೆಯ ಮಾತು. ಕಾಯಿಲೆ ವಾಸಿ ಮಾಡುವುದೂ ಮದ್ದೇ, ಕದ್ದು ಅನ್ನಕ್ಕೆ ಬೆರೆಸುವುದೂ ಮದ್ದೇ.

ಊರಿನ ಮಾತೊಂದೇ ಪುಸ್ತಕಕ್ಕೆ ಸಾಲದು. ವಿವರ ಕೊಟ್ಟವರು ಅಜ್ಜಂಪುರದ ಶಕುಂತಲಮ್ಮ. ಅಂಬಮ್ಮನ ಓರಗಿತ್ತಿ, ಒಂದೇ ಮನೆಗೆ ಸೊಸೆಯಾಗಿ ಬಂದವರು. ಹೊಟ್ಟೆ ಸೇರಿದ ಮದ್ದನ್ನು ವಾಂತಿ ಮಾಡಿಸಿ ತೆಗೆಯುವುದರಲ್ಲಿ ಸುತ್ತಮುತ್ತ ಹೆಸರಾದವರು. ಸತ್ತ ನಾಲ್ವರಲ್ಲಿ ನಂಜುಂಡಪ್ಪ ಕೊನೆಗೆ ನೀರು ನೀರು ಎಂದು ಬಾಯಿ ಬಿಟ್ಟಿದ್ದು, ಸಂಗೀತಾಳ ತುಟಿ ನೀಲಿಗಟ್ಟಿದ್ದು, ಎಲ್ಲವನ್ನೂ ಪಕ್ಕದಲ್ಲೇ ಕೂತು ನೋಡಿದ ಹಾಗೆ ಹೇಳಿದ್ದರು. ಬೃಂದಾ ಅದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಸ್ವಂತ ಓರಗಿತ್ತಿಯ ವಿರುದ್ಧ ಬಾಯಿ ಬಿಡಲು ಎಷ್ಟು ಧೈರ್ಯ ಬೇಕು ಎಂದು ಮನಸ್ಸಿನಲ್ಲೇ ಕೈ ಮುಗಿದಿದ್ದಳು.

"ನಿಮ್ಮನೇಲಿ ಉಂಡೋರು ಯಾಕಮ್ಮ ಸತ್ರು?" ಎಂದು ಕೇಳಿಯೇಬಿಟ್ಟಳು.

ಅಂಬಮ್ಮ ನಕ್ಕಳು. ನಗುವಂಥ ಮಾತಾಗಿರಲಿಲ್ಲ.

"ಉಂಡೋರೆಲ್ಲ ಸತ್ತಿದ್ರೆ ಇಷ್ಟೊತ್ಗೆ ಊರೇ ಸುಡುಗಾಡಾಗ್ತಿತ್ತು ಕಣವ್ವ. ಮದುವೆ ಮುಂಜಿಗೆಲ್ಲ ಸಾರು ಕಾಸಿದ ಕೈ ಇದು."

ಬೃಂದಾ ಎದ್ದು ಕೈ ತೊಳೆದಳು. ಹೊಟ್ಟೆ ತೊಳೆಸತೊಡಗಿತ್ತು. ಕಂಡವರ ಮನೆಯಲ್ಲಿ ಉಣ್ಣಬೇಡ, ಮದ್ದಿಕ್ಕುತ್ತಾರೆ ಎಂದು ಅವಳ ಅಮ್ಮ ಚಿಕ್ಕಂದಿನಲ್ಲೇ ಹೆದರಿಸಿಟ್ಟಿದ್ದಳು. ಆಮೇಲೆ ಓದಿದ್ದೆಲ್ಲ ತಲೆಗೆ ಹತ್ತಿತ್ತು, ಹೊಟ್ಟೆಗೆ ಹತ್ತಿರಲಿಲ್ಲ.

ಅವಳ ಮುಖ ನೋಡಿ ಅಂಬಮ್ಮ ಬಂದು ಕೈ ಹಿಡಿದಳು. ಹಿಡಿತ ಗಟ್ಟಿಯಾಗಿತ್ತು.

"ಈಗ್ಲೇ ಹೊರಡಬ್ಯಾಡ. ಮಜ್ಜಿಗೆ ಕುಡ್ದು ಇಲ್ಲೇ ಮಲಿಕ್ಕೋ. ಎಲ್ಲಿಗೂ ಹೋಗ್ಬ್ಯಾಡ ತಾಯಿ."

ಬೃಂದಾ ಕೈ ಕಿತ್ತುಕೊಂಡು ಓಡಿ ಸ್ಕೂಟರ್ ಹತ್ತಿದಳು. ಹಿಂದಿನಿಂದ ಅಂಬಮ್ಮ ಏನೋ ಕೂಗಿದಳು. ಸದ್ದಿನಲ್ಲಿ 'ಅಜ್ಜಂಪುರ' ಎನ್ನುವುದಷ್ಟೇ ಕೇಳಿಸಿತು. ಎಲ್ಲಿಗೆ ಹೋದರೆ ಬದುಕುತ್ತೇನೆಂದು ಇವಳಿಗೂ ಗೊತ್ತು ಎಂದುಕೊಂಡು ಬೃಂದಾ ಇನ್ನಷ್ಟು ವೇಗ ಹೆಚ್ಚಿಸಿದಳು.

ತೆಂಗಿನ ತೋಟದ ಪಕ್ಕ ನಿಲ್ಲಿಸಿ ಬಾಯಿಗೆ ಬೆರಳಿಟ್ಟು ನೋಡಿದಳು. ಏನೂ ಬರಲಿಲ್ಲ. ಆಸ್ಪತ್ರೆಗೆ ಹೋಗಿ ಏನೆಂದು ಹೇಳುವುದು? ಮುದ್ದೆ ಉಂಡೆ ಎಂದೇ? ಸಾಯಲು ಅವಳಿಗೆ ಮನಸ್ಸಿರಲಿಲ್ಲ. ಪುಸ್ತಕ ಇನ್ನೂ ಮುಗಿದಿರಲಿಲ್ಲ.

ಶಕುಂತಲಮ್ಮ ಬಾಗಿಲಲ್ಲೇ ಸಿಕ್ಕರು.

"ಅಲ್ಲಿ ಉಂಡ್ಯಾ?"

ಬೃಂದಾ ತಲೆಯಾಡಿಸಿದಳು. ಅವರು ಕದ ಹಾಕಿ, ಅವಳ ಅಂಗೈಗೆ ಯಾವುದೋ ಸೊಪ್ಪಿನ ರಸ ಹಿಂಡಿದರು. ನೋಡನೋಡುತ್ತಲೇ ರಸ ಮೊಸರಿನ ಹಾಗೆ ಹೆಪ್ಪುಗಟ್ಟಿತು.

"ಒಳಗೆ ಮದ್ದಿದ್ರೆ ಹಿಂಗೇ ಗಟ್ಟಿ ಆಗೋದು. ನನ್ನ ಕೈ ಇವತ್ತಿನವರ್ಗೂ ತಪ್ಪಿಲ್ಲ ಮಗಾ. ಬಂದೋರಿಗೆಲ್ಲ ಗಟ್ಟಿ ಆಗೈತೆ."

ಬೃಂದಾ ಫೋನ್ ತೆಗೆಯಹೋದಳು. "ಮದ್ದು ತೆಗ್ಯೋವಾಗ ಅದು ಇರಬಾರ್ದು" ಎಂದು ಶಕುಂತಲಮ್ಮ ಅದನ್ನು ಒಳಗೆ ಒಯ್ದಿಟ್ಟರು. ಬರುವಾಗ ಕೈಯಲ್ಲಿ ಲೋಟವಿತ್ತು. ಕಡು ಕಹಿ. ಬೃಂದಾ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದಳು.

ಬದುಕಿದೆ ಎನ್ನಿಸಿತು. ಶಕುಂತಲಮ್ಮ ಚಾಪೆ ಹಾಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆಯ ಬೆವರು ಒರೆಸಿದರು. ಹೆತ್ತ ತಾಯಿಯೂ ಹೀಗೆ ಆರೈಕೆ ಮಾಡಿರಲಿಲ್ಲ. ಬೃಂದಾಗೆ ಅಳು ಬಂತು.

"ಪುಸ್ತಕದಾಗೆ ಏನಂತ ಬರ್ದಿದ್ದೀಯ ಮಗಾ?"

"ಇಂಥ ಹೆಂಗಸ್ರು ಚಾಕು ಚೂರಿ ಹಿಡಿಯಲ್ಲ ಅಂತ. ನಂಬಿಸ್ತಾರೆ, ಪಕ್ಕದಲ್ಲೇ ಕೂತ್ಕೊಂಡು ಉಪಚಾರ ಮಾಡ್ತಾನೇ ಕೊಲ್ತಾರೆ ಅಂತ."

"ಎಷ್ಟು ಚೆಂದಾಗಿ ತಿಳ್ಕೊಂಡಿದ್ದೀಯ!"

ಹೊರಗೆ ಸಂಜೆಯ ಬಸ್ಸು ಹೋಯಿತು. ಶಕುಂತಲಮ್ಮ ಸೆರಗಿನಿಂದ ಗಾಳಿ ಬೀಸುತ್ತಿದ್ದರು.

"ನಮ್ಮತ್ತೆಗೆ ಅಂಬಿ ಕೈ ಊಟಾನೇ ಆಗ್ಬೇಕಿತ್ತು. ನಾನು ಮಾಡಿದ್ದು ನಾಯಿಗೆ ಹಾಕೋರು. ಇವತ್ತು ನೋಡು, ಅವಳ ಮನೇಲಿ ಕಾಗೇನೂ ಉಣ್ಣಾಕಿಲ್ಲ."

ಬೃಂದಾಳ ಹೊಟ್ಟೆಯಲ್ಲಿ ಬೆಂಕಿ ಎದ್ದಿತು. ಮದ್ದು ಹೊರಬೀಳುವ ಮೊದಲು ಹೀಗಾಗಬಹುದು ಎಂದು ಹಲ್ಲು ಕಚ್ಚಿದಳು. ವಾಂತಿ ಬರಲಿಲ್ಲ. ನಾಲಿಗೆ ದಪ್ಪಗಾಯಿತು, ಬಾಯಿ ಒಣಗಿತು.

"ನೀರು... ನೀರು..." ಎಂದಳು. ಆಮೇಲೆ ಆ ನಾಲ್ವರ ನೆನಪಾಗಿ ಮರುಗಿದಳು. "ಪಾಪ, ಅವರೂ ನಿಮ್ಮ ಹತ್ರ ಬಂದಿದ್ರೆ ಉಳ್ಕೋತಿದ್ರು ಅಲ್ವೇನಮ್ಮ?"

ಶಕುಂತಲಮ್ಮ ಅವಳ ಕೂದಲು ನೇವರಿಸಿದರು. "ಬಂದಿದ್ರು ಕಣವ್ವ, ನಾಲ್ಕು ಜನಾನೂ. ಇದೇ ಚಾಪೆ ಮ್ಯಾಲೇ ಮಲಗಿದ್ರು."